ಹಳಿ ದಾಟುವ ಸ್ನೋಮೊಬೈಲ್ ಟ್ರೇಲ್: ಪರ್ಮಿಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಉತ್ತರ ವಿಸ್ಕಾನ್ಸಿನ್, ಮಿಷಿಗನ್ನಿನ ಅಪ್ಪರ್ ಪೆನಿನ್ಸುಲಾ, ಮಿನ್ನೆಸೋಟದ ಕಾಡುಸೀಮೆ. ಈ ಕಡೆಯ ಎಷ್ಟೋ ಸಣ್ಣ ಊರುಗಳಲ್ಲಿ ಚಳಿಗಾಲದ ಹೋಟೆಲು, ಪೆಟ್ರೋಲ್ ಬಂಕುಗಳ ವ್ಯಾಪಾರ ನಡೆಯುವುದೇ ಸ್ನೋಮೊಬೈಲ್, ಅಂದರೆ ಹಿಮದ ಮೇಲೆ ಓಡುವ ಮೋಟಾರು ಗಾಡಿ, ಏರಿ ಬರುವ ಸವಾರರಿಂದ. ವಿಸ್ಕಾನ್ಸಿನ್ ಒಂದರಲ್ಲೇ ಈ ಗಾಡಿಗಳಿಗೆಂದು ಗುರುತು ಹಾಕಿದ ದಾರಿ, ಅಂದರೆ ಟ್ರೇಲ್, ಸುಮಾರು 25,000 ಮೈಲಿ ಇದೆ, ಮಿನ್ನೆಸೋಟದಲ್ಲಿ 22,000 ಮೈಲಿ ಮೀರುತ್ತದೆ. ಅದರಲ್ಲಿ ದೊಡ್ಡ ಪಾಲು ಖಾಸಗಿ ಜಮೀನಿನ ಮೇಲೇ ಹಾಯುತ್ತದೆ. ದಾರಿ ಸವರುವುದು, ಬೋರ್ಡು ನೆಡುವುದು, ಹಿಮ ಹದ ಮಾಡುವುದು ಎಲ್ಲ ಊರೂರಿನ ಕ್ಲಬ್ಬುಗಳ ಸ್ವಯಂಸೇವಕರ ಕೆಲಸ. ಇಷ್ಟು ಉದ್ದದ ದಾರಿ ಅಲ್ಲಲ್ಲಿ ರೈಲು ಹಳಿಗೆ ಎದುರಾಗದೇ ಇರುವುದಿಲ್ಲ. ಆ ಕಡೆ ನೆಲೆಸಿ, ಕ್ಲಬ್ಬಿಗೆ ಸೇರಿ, ಕಾಗದಪತ್ರದ ಹೊರೆ ತಲೆಗೆ ಬಂದ ಕನ್ನಡಿಗರಿಗೆ, ಬಾಡಿಗೆ ಗಾಡಿ ಹತ್ತಿ ಒಂದು ವಾರಾಂತ್ಯ ಸುತ್ತಿ ಬರುವವರಿಗೂ, ಈ ಪುಟ.

ಹಳಿಯ ಎರಡೂ ಬದಿಯ ಜಮೀನಿನವರು ಒಪ್ಪಿದ್ದಾರೆ. ನಡುವಿನ ಹಳಿ ದಾಟಲು ಮತ್ತೆ ಬೇರೆ ಅನುಮತಿ ಏಕೆ?

ಹಳಿ ಇರುವ ಪಟ್ಟಿ ಆ ಇಬ್ಬರದೂ ಅಲ್ಲ. ಭಾರತದಲ್ಲಿ ರೈಲ್ವೆ ಅಂದರೆ ಸರ್ಕಾರ; ಅಮೆರಿಕದಲ್ಲಿ ಬಹುತೇಕ ಹಳಿಗಳು ಖಾಸಗಿ ಕಂಪನಿಗಳ ಆಸ್ತಿ. ಕಣ್ಣಿಗೆ ಕಾಣುವುದು ಎರಡು ಕಬ್ಬಿಣದ ಸಾಲು ಮತ್ತು ಜಲ್ಲಿ. ಕಂಪನಿಯ ಹಕ್ಕಿನ ಜಾಗ ಅದಕ್ಕಿಂತ ಬಹಳ ಅಗಲ, ಹಲವು ಕಡೆ 100 ಅಡಿ. ಹಾಗಾಗಿ ನಿಮ್ಮ ಟ್ರೇಲು ಹಳಿಯ ಹತ್ತಿರ ಹೋಗುವ ಮೊದಲೇ ಬೇರೆಯವರ ಜಮೀನಿಗೆ ಕಾಲಿಟ್ಟಿರುತ್ತದೆ. ಅನುಮತಿಯಿಲ್ಲದೆ ಹೋದರೆ ಅದು ಅತಿಕ್ರಮ ಪ್ರವೇಶ, ದಂಡ ಬೀಳುತ್ತದೆ. ಅಕ್ಕಪಕ್ಕದ ರೈತರ ಒಪ್ಪಿಗೆ ಅವರ ಬೇಲಿಯ ತನಕ ಮಾತ್ರ.

ಹಾಗಾದರೆ ಪರ್ಮಿಟ್ ಕೊಡುವವರು ಯಾರು?

ಎಲ್ಲರೂ ಮೊದಲು ಎಡವುವುದು ಇಲ್ಲೇ. ಒಕ್ಕೂಟ ಸರ್ಕಾರದ ಫೆಡರಲ್ ರೈಲ್‌ರೋಡ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಆರ್‌ಎ, ರೈಲು ಸುರಕ್ಷತೆಯ ನಿಯಮ ಮಾಡುತ್ತದೆ, ಕ್ರಾಸಿಂಗುಗಳ ದಾಖಲೆ ಇಡುತ್ತದೆ. ಕ್ಲಬ್ಬಿಗೆ ಕ್ರಾಸಿಂಗ್ ಪರ್ಮಿಟ್ ಬರೆದುಕೊಡುವ ಕಚೇರಿ ಅದಲ್ಲ. ಪರ್ಮಿಟ್ ಕೊಡುವ ವ್ಯವಸ್ಥೆ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ವಿಸ್ಕಾನ್ಸಿನ್‌ನಲ್ಲಿ ಇದಕ್ಕೆಂದೇ ಕಾನೂನು ಇದೆ. ರಾಜ್ಯದ ಸ್ನೋಮೊಬೈಲ್ ಅಧ್ಯಾಯವಾದ 350ರಲ್ಲಿ 350.137, 350.138, 350.139 ಈ ಮೂರು ಕಲಮುಗಳು ಹಳಿ ದಾಟುವ ವಿಷಯಕ್ಕೇ ಮೀಸಲು. ಮೊದಲನೆಯದು ಕ್ರಾಸಿಂಗ್ ಹೇಗೆ ಕಟ್ಟಬೇಕು, ಹೇಗೆ ನೋಡಿಕೊಳ್ಳಬೇಕು ಎಂಬ ಏಕರೂಪದ ಮಟ್ಟವನ್ನು ರೈಲ್ವೆಯವರ ಜೊತೆ ಮಾತಾಡಿ ಗೊತ್ತುಮಾಡುವ ಹೊಣೆಯನ್ನು ನೈಸರ್ಗಿಕ ಸಂಪನ್ಮೂಲ ಇಲಾಖೆಗೆ, ಎಲ್ಲರೂ ಡಿಎನ್‌ಆರ್ ಅನ್ನುವ ಕಚೇರಿಗೆ, ಕೊಡುತ್ತದೆ. ಎರಡನೆಯದು ಪರ್ಮಿಟ್ ಬೇಕಾದ ಕ್ರಾಸಿಂಗುಗಳದು. ಮೂರನೆಯದು ಮೊದಲಿನಿಂದ ಇದ್ದು ನೆಲೆನಿಂತ ಕ್ರಾಸಿಂಗುಗಳದು. ಪರ್ಮಿಟ್ ವಿಷಯಕ್ಕೆ ಡಿಎನ್‌ಆರ್ ಕಚೇರಿ ಇರುವುದು ಕ್ಲಬ್ಬುಗಳಿಗೆ ದೊಡ್ಡ ಅನುಕೂಲ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ರೈಲ್ವೆ ಕಂಪನಿಯ ಮುಂದೆ ಮೂವತ್ತು ಜನರ ಊರ ಕ್ಲಬ್ಬು ಒಂಟಿಯಾಗಿ ನಿಂತರೆ ಅದರ ಮಾತು ಕೇಳುವವರು ಕಡಿಮೆ.

ಮಿಷಿಗನ್ ಕಾನೂನು ಇನ್ನೊಂದು ದಿಕ್ಕಿನಿಂದ ಬರುತ್ತದೆ. ರೈಲ್ವೆ ಜಾಗದಲ್ಲಿ ಸ್ನೋಮೊಬೈಲ್ ಓಡಿಸುವುದೇ ನಿಷಿದ್ಧ ಎಂದು ಮೊದಲು ಹೇಳಿ, ಆಮೇಲೆ ವಿನಾಯಿತಿ ಕೊಡುತ್ತದೆ: ಜಾಗದ ಮಾಲೀಕರೂ ಆ ಹಳಿ ಬಳಸುವ ಪ್ರತಿಯೊಂದು ರೈಲ್ವೆ ಕಂಪನಿಯೂ ಲಿಖಿತವಾಗಿ ಒಪ್ಪಿದ ಕ್ರಾಸಿಂಗ್ ಆದರೆ ದಾಟಬಹುದು. ‘ಪ್ರತಿಯೊಂದು’ ಅನ್ನುವಲ್ಲಿ ಗಮನವಿರಲಿ. ಒಂದೇ ಹಳಿಯ ಮೇಲೆ ಎರಡು ಕಂಪನಿಗಳ ರೈಲು ಓಡುವುದು ಅಮೆರಿಕದಲ್ಲಿ ಮಾಮೂಲು.

ಮಿನ್ನೆಸೋಟದಲ್ಲಿ ಕ್ಲಬ್ಬು ನೋಡಿಕೊಳ್ಳುವ ಟ್ರೇಲುಗಳಿಗೆ ಅಲ್ಲಿನ ಡಿಎನ್‌ಆರ್ ಅನುದಾನ ಬರುವುದು ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಅಥವಾ ಊರಾಡಳಿತದ ಪ್ರಾಯೋಜಕತ್ವದಲ್ಲಿ. ಅಲ್ಲಿ ರೈಲ್ವೆಯ ಜೊತೆ ಮಾತಿಗೆ ಕೂರುವಾಗ ಆ ಪ್ರಾಯೋಜಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಯಾವ ರಾಜ್ಯವಾದರೂ ಸರಿ, ರೈಲ್ವೆಯನ್ನು ಬಿಟ್ಟು ಮುಂದೆ ಹೋಗಲು ದಾರಿಯಿಲ್ಲ.

ಹಳಿ ಯಾವ ಕಂಪನಿಯದು ಎಂದು ಗೊತ್ತಾಗುವುದು ಹೇಗೆ?

ಎಂಜಿನ್ ಮೇಲಿನ ಬಣ್ಣ, ಹೆಸರು ನಂಬಬೇಡಿ. ಒಂದು ಕಂಪನಿಯ ಎಂಜಿನ್ ಇನ್ನೊಂದು ಕಂಪನಿಯ ಹಳಿಯ ಮೇಲೆ ಆರಾಮಾಗಿ ಓಡಾಡುತ್ತಿರುತ್ತದೆ. ಹತ್ತಿರದ ರಸ್ತೆ ಕ್ರಾಸಿಂಗಿಗೆ ಹೋಗಿ ನೋಡಿ. ಕಂಬಕ್ಕೆ ಒಂದು ಸಣ್ಣ ನೀಲಿ ಫಲಕ ಇರುತ್ತದೆ. ಅದರಲ್ಲಿ ಒಂದು ಫೋನ್ ನಂಬರು, ಆರು ಅಂಕಿ ಮತ್ತು ಒಂದು ಅಕ್ಷರದ ಕ್ರಾಸಿಂಗ್ ಸಂಖ್ಯೆ. ಆ ಸಂಖ್ಯೆಯನ್ನು ಎಫ್‌ಆರ್‌ಎ ದಾಖಲೆಯಲ್ಲಿ ಹಾಕಿ ಹುಡುಕಿದರೆ ಯಾವ ರೈಲ್ವೆ, ಯಾವ ಮಾರ್ಗ, ಯಾವ ಮೈಲಿಗಲ್ಲು, ದಿನಕ್ಕೆ ಸುಮಾರು ಎಷ್ಟು ರೈಲು ಎಲ್ಲ ಸಿಗುತ್ತದೆ. ರೈಲಿನ ಸಂಖ್ಯೆ ಹಳೆಯದಾಗಿರಬಹುದು, ಅದನ್ನು ಮಾತ್ರ ಕಣ್ಣುಮುಚ್ಚಿ ಅರ್ಜಿಗೆ ಇಳಿಸಬೇಡಿ.

ಹೆಸರು ಬದಲಾಗುವುದೂ ಇದೆ. ವಿಸ್ಕಾನ್ಸಿನ್ ಸೆಂಟ್ರಲ್ ಎಂಬ ಕಂಪನಿಯನ್ನು ಕೆನಡಿಯನ್ ನ್ಯಾಷನಲ್ 2001ರಲ್ಲಿ ಕೊಂಡಿತು. ಅದೇ ಕೆನಡಿಯನ್ ನ್ಯಾಷನಲ್ ವಿಸ್ಕಾನ್ಸಿನ್ ಮತ್ತು ಅಪ್ಪರ್ ಪೆನಿನ್ಸುಲಾದ ಕೆಲವು ಮಾರ್ಗಗಳನ್ನು ವಾಟ್ಕೊ ಎಂಬ ಕಂಪನಿಗೆ ಬಿಟ್ಟುಕೊಟ್ಟು, ಅಲ್ಲಿ 2022ರಿಂದ ಹೊಸ ಹೆಸರು ನಡೆಯುತ್ತಿದೆ. 2023ರ ಏಪ್ರಿಲ್‌ನಲ್ಲಿ ಕೆನಡಿಯನ್ ಪೆಸಿಫಿಕ್ ಮತ್ತು ಕಾನ್ಸಾಸ್ ಸಿಟಿ ಸದರ್ನ್ ಒಂದಾಗಿ ಸಿಪಿಕೆಸಿ ಆದವು. ನಿಮ್ಮ ಕ್ಲಬ್ಬಿನ ಬೀರುವಿನಲ್ಲಿರುವ ಹಳೇ ಕರಾರು ಈಗ ಇಲ್ಲದ ಕಂಪನಿಯ ಹೆಸರಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಅದನ್ನು ಈಗಿನ ಕಂಪನಿ ಒಪ್ಪುತ್ತದೆಯೇ ಎಂದು ಪತ್ರ ಬರೆದು ಕೇಳಿ.

ಇನ್ನೊಂದು ತೊಡಕು: ವಿಸ್ಕಾನ್ಸಿನ್‌ನ ದಕ್ಷಿಣ ಭಾಗದಲ್ಲಿ ಎಷ್ಟೋ ಹಳಿಮಾರ್ಗಗಳ ಒಡೆತನ ರಾಜ್ಯದ್ದು, ರೈಲು ಓಡಿಸುವುದು ವಿಸ್ಕಾನ್ಸಿನ್ ಆ್ಯಂಡ್ ಸದರ್ನ್ ಎಂಬ ಕಂಪನಿ. ಅಲ್ಲಿ ಮಾಲೀಕರು ಬೇರೆ, ಓಡಿಸುವವರು ಬೇರೆ. ಇಬ್ಬರನ್ನೂ ಕೇಳಬೇಕು.

ಹಳಿ ತುಕ್ಕು ಹಿಡಿದಿದೆ, ನಡುವೆ ಗಿಡ ಬೆಳೆದಿದೆ, ವರ್ಷಗಳಿಂದ ರೈಲೇ ಬಂದಿಲ್ಲ. ಅದಕ್ಕೂ ಬೇಕಾ?

ಬೇಕು. ರೈಲು ನಿಂತಿರುವುದು ಬೇರೆ, ಮಾರ್ಗವನ್ನು ಕಾನೂನಿನ ಪ್ರಕಾರ ಕೈಬಿಟ್ಟಿರುವುದು ಬೇರೆ. ಕೈಬಿಡಲು ಕಂಪನಿ ಸರ್ಫೇಸ್ ಟ್ರಾನ್ಸ್‌ಪೋರ್ಟೇಷನ್ ಬೋರ್ಡ್ ಎಂಬ ಒಕ್ಕೂಟ ಮಂಡಳಿಯಿಂದ ಅಪ್ಪಣೆ ಪಡೆಯಬೇಕು. ಅಲ್ಲಿಯ ತನಕ ಅದು ಜೀವಂತ ಮಾರ್ಗ ಎಂದೇ ಲೆಕ್ಕ. ರೈಲು ಬರದಿದ್ದರೂ ಹಳಿ ತಪಾಸಣೆಗೆ ಹಳಿಚಕ್ರ ಕಟ್ಟಿದ ಪಿಕಪ್ ಟ್ರಕ್ಕು ಬರಬಹುದು. ಖಾಲಿ ಡಬ್ಬಿಗಳನ್ನು ನಿಲ್ಲಿಸಲು ಒಂದು ದಿನ ಇದ್ದಕ್ಕಿದ್ದಂತೆ ಎಂಜಿನ್ನೇ ಬರಬಹುದು. ಯಾರೂ ನಿರೀಕ್ಷಿಸದ ರೈಲು ದಿನಕ್ಕೆ ಇಪ್ಪತ್ತು ಬಾರಿ ಬರುವ ರೈಲಿಗಿಂತ ಅಪಾಯ.

ಹಳಿಯನ್ನೇ ಕಿತ್ತು ಹಾಕಿದ ದಾರಿ ಆದರೆ?

ಆಗ ಕಥೆಯೇ ಬೇರೆ, ಬಹಳ ಸಲ ಸಂತೋಷದ ಕಥೆ. ವಿಸ್ಕಾನ್ಸಿನ್‌ನ ಎಲ್ರಾಯ್-ಸ್ಪಾರ್ಟಾ ಟ್ರೇಲ್ ಹಾಗೆ ಹುಟ್ಟಿದ್ದು. ಷಿಕಾಗೊ ಆ್ಯಂಡ್ ನಾರ್ತ್ ವೆಸ್ಟರ್ನ್ ಕಂಪನಿ ಬಿಟ್ಟುಹೋದ ಮಾರ್ಗವನ್ನು ರಾಜ್ಯ ಕೊಂಡು 1967ರಲ್ಲಿ ಟ್ರೇಲ್ ಮಾಡಿತು. ಮೂರು ಸುರಂಗ, 32 ಮೈಲಿ. ಬೇಸಿಗೆಯಲ್ಲಿ ಸೈಕಲ್ಲು, ಚಳಿಗಾಲದಲ್ಲಿ ಸ್ನೋಮೊಬೈಲು. 1983ರಲ್ಲಿ ತಿದ್ದುಪಡಿಯಾದ ರಾಷ್ಟ್ರೀಯ ಟ್ರೇಲ್ ಕಾನೂನು, ಬಿಟ್ಟ ಮಾರ್ಗವನ್ನು ಮುಂದೆಂದಾದರೂ ರೈಲಿಗೆ ಬೇಕಾಗಬಹುದು ಎಂದು ಕಾದಿಟ್ಟು ಅಲ್ಲಿಯವರೆಗೆ ಟ್ರೇಲ್ ಆಗಿ ಬಳಸಲು ಅವಕಾಶ ಕೊಟ್ಟಿತು.

ಅಪ್ಪರ್ ಪೆನಿನ್ಸುಲಾದಲ್ಲಿ ಹೌಟನ್, ಹ್ಯಾನ್‌ಕಾಕ್ ಊರುಗಳನ್ನು ಜೋಡಿಸುವ ಎತ್ತುಸೇತುವೆಗೆ ಎರಡು ಅಂತಸ್ತು. ಕೆಳಗಿನದರಲ್ಲಿ ಮೊದಲು ರೈಲು ಓಡುತ್ತಿತ್ತು, 1982ರಲ್ಲಿ ನಿಂತಿತು. ಈಗ ಚಳಿಗಾಲದಲ್ಲಿ ಮೇಲೆ ಕಾರು, ಕೆಳಗೆ ಸ್ನೋಮೊಬೈಲ್. ಆ ಕಡೆ ಹೋದರೆ ತಪ್ಪದೆ ದಾಟಿ ನೋಡಿ.

ಇಂಥ ಟ್ರೇಲುಗಳಲ್ಲೂ ಒಂದು ಎಚ್ಚರ: ಹಳೆಯ ಮಾರ್ಗ ಎಲ್ಲೋ ಒಂದು ಕಡೆ ಈಗಲೂ ರೈಲು ಓಡುವ ಇನ್ನೊಂದು ಮಾರ್ಗವನ್ನು ಕತ್ತರಿಸಬಹುದು. ಆ ಒಂದು ಜಾಗಕ್ಕೆ ಈ ಪುಟದ ಎಲ್ಲ ಮಾತೂ ಅನ್ವಯ.

ಹೊಸ ಕ್ರಾಸಿಂಗಿಗೆ ಅರ್ಜಿ ಹಾಕುವ ಮುನ್ನ ಏನು ಮಾಡಬೇಕು?

ಅದು ಬೇಡವಾಗುವ ದಾರಿ ಹುಡುಕಬೇಕು. ತಮಾಷೆಗೆ ಹೇಳುತ್ತಿಲ್ಲ. ರೈಲ್ವೆಯವರು ಮತ್ತು ಎಫ್‌ಆರ್‌ಎ ಇಬ್ಬರೂ ದಶಕಗಳಿಂದ ಕ್ರಾಸಿಂಗುಗಳನ್ನು ಕಡಿಮೆ ಮಾಡುವುದರ ಹಿಂದೆ ಬಿದ್ದಿದ್ದಾರೆ. ಹೊಸದೊಂದು ಬೇಕು ಎಂದ ತಕ್ಷಣ ಅವರ ಮೊದಲ ಪ್ರಶ್ನೆ: ಹತ್ತಿರದ ರಸ್ತೆ ಕ್ರಾಸಿಂಗ್ ಎಷ್ಟು ದೂರ?

ಆದ್ದರಿಂದ ನಕ್ಷೆ ಹರಡಿಕೊಂಡು ಎರಡೂ ಬದಿಗೆ ಒಂದೆರಡು ಮೈಲಿ ಬೆರಳಾಡಿಸಿ. ಹಳಿ ಹೊಳೆ ದಾಟುವಲ್ಲಿ ಸೇತುವೆ ಇರುತ್ತದೆ, ಅದರಡಿ ದಡದ ಮೇಲೆ ಒಂದು ಟ್ರೇಲಿಗೆ ಸಾಕಾಗುವಷ್ಟು ಜಾಗ ಇರಬಹುದು. ಅದಕ್ಕೂ ರೈಲ್ವೆ ಅನುಮತಿ ಬೇಕು, ಆದರೆ ರೈಲಿನ ಮುಖಾಮುಖಿ ತಪ್ಪುತ್ತದೆ. ದನ ದಾಟಲೆಂದು ಹಿಂದೆ ಕಟ್ಟಿದ ಮೋರಿಗಳೂ ಕೆಲವೆಡೆ ಇವೆ. ಅದೂ ಇಲ್ಲದಿದ್ದರೆ ಹತ್ತಿರದ ಟೌನ್ ರಸ್ತೆಯ ಕ್ರಾಸಿಂಗು. ಟ್ರೇಲನ್ನು ಅಲ್ಲಿಯವರೆಗೆ ತಿರುಗಿಸಿ, ರಸ್ತೆಯ ಅಂಚಿನಲ್ಲಿ ಹಳಿ ದಾಟಿಸಿ, ಮತ್ತೆ ಹೊಲಕ್ಕೆ ಇಳಿಸುವುದು. ಇದಕ್ಕೆ ರಸ್ತೆ ಯಾರದ್ದೋ ಅವರ, ಅಂದರೆ ಟೌನ್ ಅಥವಾ ಕೌಂಟಿಯ, ಒಪ್ಪಿಗೆ ಬೇಕು. ಇಬ್ಬರು ಹೊಸ ಜಮೀನುದಾರರ ಮನೆ ಬಾಗಿಲಿಗೂ ಹೋಗಬೇಕಾದೀತು. ಆದರೂ ಹೊಸ ಕ್ರಾಸಿಂಗಿಗೆ ಹೋಲಿಸಿದರೆ ಇದು ಸುಲಭ, ಅಗ್ಗ. ಅಲ್ಲಿ ದೀಪ, ಗಂಟೆ ಇರುವ ಸಂಭವವೂ ಹೆಚ್ಚು.

ಸವಾರರು ಗೊಣಗುತ್ತಾರೆ, ನೇರ ದಾರಿ ಬಿಟ್ಟು ಸುತ್ತು ಹಾಕಿಸಿದಿರಿ ಅಂತ. ಸ್ನೋಮೊಬೈಲಿಗೆ ಎರಡು ಮೈಲಿ ಎಂದರೆ ಮೂರ್ನಾಲ್ಕು ನಿಮಿಷ. ಗೊಣಗಲಿ ಬಿಡಿ.

ಈ ಹುಡುಕಾಟವನ್ನು ಬರೆದಿಡಿ. ಯಾವ ಸೇತುವೆ ನೋಡಿದಿರಿ, ಯಾಕೆ ಆಗಲಿಲ್ಲ, ಯಾವ ರಸ್ತೆಯ ಬದಿ ಜೌಗು, ಯಾರು ಜಾಗ ಕೊಡಲಿಲ್ಲ. ಕೊನೆಗೆ ಹೊಸ ಕ್ರಾಸಿಂಗೇ ಗತಿ ಎಂದಾದರೆ ನಿಮ್ಮ ಅರ್ಜಿಯ ಬೆನ್ನೆಲುಬು ಇದೇ ಟಿಪ್ಪಣಿ.

ಅರ್ಜಿಯಲ್ಲಿ ಏನೇನು ಇರಬೇಕು?

ನಮೂನೆ ಆಯಾ ಕಚೇರಿಯದು, ಕೇಳುವ ವಿಷಯ ಹೆಚ್ಚುಕಡಿಮೆ ಒಂದೇ. ರೈಲ್ವೆ ಮೈಲಿಗಲ್ಲಿನ ಲೆಕ್ಕದಲ್ಲಿ ಜಾಗ, ಅಕ್ಷಾಂಶ ರೇಖಾಂಶ, ಎರಡೂ ಬದಿಯ ಜಮೀನುದಾರರ ಒಪ್ಪಿಗೆ ಪತ್ರ, ಟ್ರೇಲ್ ಹಳಿಯನ್ನು ಯಾವ ಕೋನದಲ್ಲಿ ದಾಟುತ್ತದೆ, ಏರು ಎಷ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಬಳಕೆ, ಹಿಮ ಹದ ಮಾಡುವ ಗಾಡಿಯಾದ ಗ್ರೂಮರ್ ದಾಟುತ್ತದೆಯೋ ಇಲ್ಲವೋ, ಬೋರ್ಡುಗಳ ನಕ್ಷೆ, ವಿಮೆಯ ದಾಖಲೆ, ಮುಂದೆ ನೋಡಿಕೊಳ್ಳುವವರು ಯಾರು.

ಫೋಟೊ ಇಲ್ಲದ ಅರ್ಜಿ ಕಳಿಸಬೇಡಿ. ಸವಾರ ನಿಲ್ಲುವ ಜಾಗದಲ್ಲೇ ನಿಂತು ಹಳಿಯ ಎರಡೂ ದಿಕ್ಕಿಗೆ ತೆಗೆದ ಫೋಟೊ, ಹಳಿಯ ಎರಡೂ ಬದಿಯಿಂದ, ಒಟ್ಟು ನಾಲ್ಕು. ಫೋಟೊ ತೆಗೆಯಲು ರೈಲ್ವೆ ಜಾಗಕ್ಕೆ ಹೋಗಲೂ ಅನುಮತಿ ಬೇಕು ಅನ್ನುವುದನ್ನು ಮರೆತು, ಹಳಿಯ ಮಧ್ಯೆ ನಿಂತು ತೆಗೆದ ಚಿತ್ರವನ್ನು ರೈಲ್ವೆಯವರಿಗೇ ಕಳಿಸುವ ಪುಣ್ಯಾತ್ಮರು ಇರುತ್ತಾರೆ.

ಜಾಗ ಆರಿಸುವಾಗ ಮುಖ್ಯವಾಗಿ ಏನು ನೋಡಬೇಕು?

ಎಷ್ಟು ದೂರ ಕಾಣುತ್ತದೆ ಅನ್ನುವುದನ್ನು. ಉಳಿದದ್ದೆಲ್ಲ ಆಮೇಲೆ.

ಒಂದು ಲೆಕ್ಕ ಹಾಕೋಣ. ಗ್ರೂಮರ್ ಅಂದರೆ ಹಿಮ ಹದ ಮಾಡುವ ಟ್ರ್ಯಾಕ್ಟರು, ಹಿಂದೆ ಎಳೆಯುವ ಕಬ್ಬಿಣದ ಡ್ರ್ಯಾಗು. ಎರಡೂ ಸೇರಿ 45 ಅಡಿ ಉದ್ದ ಎಂದಿಟ್ಟುಕೊಳ್ಳಿ. ಹಳಿಗೆ 15 ಅಡಿ ಮೊದಲು ನಿಂತು, ಹಳಿ ದಾಟಿ, ಡ್ರ್ಯಾಗಿನ ಬಾಲ ಆಚೆ ಹಳಿಯಿಂದ 15 ಅಡಿ ದೂರ ಹೋಗಬೇಕಾದರೆ ಗಾಡಿ ಸುಮಾರು 80 ಅಡಿ ಸಾಗಬೇಕು. ಗಂಟೆಗೆ 5 ಮೈಲಿ ವೇಗದಲ್ಲಿ ಅದಕ್ಕೆ 11 ಸೆಕೆಂಡು. ಗಂಟೆಗೆ 60 ಮೈಲಿ ವೇಗದ ರೈಲು ಒಂದು ಸೆಕೆಂಡಿಗೆ 88 ಅಡಿ ಬರುತ್ತದೆ, ಹನ್ನೊಂದು ಸೆಕೆಂಡಿಗೆ 968 ಅಡಿ. ಅಂದರೆ ಡ್ರೈವರಿಗೆ ಏನಿಲ್ಲವೆಂದರೂ 300 ಮೀಟರು ಹಳಿ ನಿಚ್ಚಳವಾಗಿ ಕಾಣಬೇಕು, ಅದೂ ಎರಡೂ ದಿಕ್ಕಿಗೆ. ನಿಂತಲ್ಲಿಂದ ಹೊರಡುವ ತಡ, ಹಿಮದಲ್ಲಿ ಜಾರುವ ತಡ ಇದರಲ್ಲಿ ಸೇರಿಲ್ಲ. ಬರೀ ಸ್ನೋಮೊಬೈಲಿನ ಲೆಕ್ಕ ಹಾಕಿ ಜಾಗ ಆರಿಸಿದರೆ ಗ್ರೂಮರಿನವರು ಸಿಕ್ಕಿಬೀಳುವುದು ಹೀಗೆ.

ರೈಲು ನಿಲ್ಲಿಸಿಕೊಳ್ಳುತ್ತದೆ ಎಂದು ನಂಬುವಂತಿಲ್ಲ. ಗಂಟೆಗೆ 55 ಮೈಲಿ ವೇಗದ ಗೂಡ್ಸ್ ರೈಲಿಗೆ ನಿಲ್ಲಲು ಒಂದು ಮೈಲಿ ಅಥವಾ ಇನ್ನೂ ಹೆಚ್ಚು ಬೇಕು.

ಹಳಿಯ ತಿರುವು, ಗುಡ್ಡ ಕಡಿದು ಮಾಡಿದ ಕಣಿವೆ, ಹತ್ತಿರ ಹತ್ತಿರ ಬೆಳೆದ ಸ್ಪ್ರೂಸ್ ಮರಗಳು, ರೈಲು ಡಬ್ಬಿ ನಿಲ್ಲಿಸುವ ಪಕ್ಕದ ಹಳಿ: ಇವು ಇರುವಲ್ಲಿ ಕೇಳಲೇ ಬೇಡಿ. ಎರಡು ಹಳಿ ಇರುವ ಕಡೆ ಒಂದು ರೈಲಿನ ಮರೆಯಲ್ಲಿ ಇನ್ನೊಂದು ಬರುತ್ತದೆ. ಟ್ರೇಲ್ ಹಳಿಯನ್ನು ನೇರ ಅಡ್ಡವಾಗಿ, 90 ಡಿಗ್ರಿಗೆ ಹತ್ತಿರವಾಗಿ ಕತ್ತರಿಸಬೇಕು. ಓರೆಯಾಗಿ ದಾಟಿದರೆ ಗಾಡಿಯ ಮುಂದಿನ ಜಾರುಪಟ್ಟಿ, ಅಂದರೆ ಸ್ಕೀ, ಹಳಿಯ ಸಂದಿಗೆ ಸಿಕ್ಕಿ ಗಾಡಿ ಹಳಿಯ ಉದ್ದಕ್ಕೆ ತಿರುಗಿಬಿಡುತ್ತದೆ. ಹಳಿಯ ದಿಬ್ಬ ಸುತ್ತಲಿನ ನೆಲಕ್ಕಿಂತ ಎತ್ತರ ಇದ್ದರೆ ಏರು ದಾರಿಯನ್ನು ಉದ್ದ ಮಾಡಿ, ಹಳಿಗೆ ಮುಂಚೆ ಗಾಡಿ ಸಮತಟ್ಟಾಗಿ ನಿಲ್ಲುವಷ್ಟು ಜಾಗ ಬಿಡಬೇಕು. ಏರಿನ ಮಧ್ಯೆ ನಿಲ್ಲಬೇಕಾದ ಸವಾರ ನಿಲ್ಲುವುದಿಲ್ಲ, ಗ್ಯಾಸ್ ಕೊಟ್ಟು ಹಾರಿಸುತ್ತಾನೆ.

ಗೇಟು, ಗೇಟ್‌ಮನ್ ಇರುವುದಿಲ್ಲವೇ?

ಇಲ್ಲ. ನಮ್ಮಲ್ಲಿ ಬ್ರಾಡ್‌ಗೇಜ್ ಮಾರ್ಗಗಳ ಕಾವಲಿಲ್ಲದ ಲೆವೆಲ್ ಕ್ರಾಸಿಂಗುಗಳನ್ನು 2019ರ ಜನವರಿಯ ಹೊತ್ತಿಗೆ ತೆಗೆದುಹಾಕಿದರು, ಹಾಗಾಗಿ ಗೇಟಿಲ್ಲದ ಹಳಿ ಈಗಿನ ಹುಡುಗರಿಗೆ ಹೊಸದು. ಟ್ರೇಲ್ ಕ್ರಾಸಿಂಗಿನಲ್ಲಿ ಸಾಮಾನ್ಯವಾಗಿ ಇರುವುದು ಸ್ಟಾಪ್ ಬೋರ್ಡು, ಅಡ್ಡಪಟ್ಟಿಯ ರೈಲ್ವೆ ಗುರುತು, ಮುಂದೆ ಹಳಿ ಇದೆ ಎನ್ನುವ ಮುನ್ಸೂಚನೆ ಫಲಕ, ಅಷ್ಟೇ. ಸಾರ್ವಜನಿಕ ರಸ್ತೆ ಕ್ರಾಸಿಂಗಿಗೆ ಬರುವಾಗ ರೈಲು ಹಾರ್ನ್ ಹೊಡೆಯಲೇಬೇಕು ಎಂಬ ಒಕ್ಕೂಟ ನಿಯಮ ಖಾಸಗಿ ಕ್ರಾಸಿಂಗಿಗೆ ಹಾಗೇ ಅನ್ವಯಿಸುವುದಿಲ್ಲ. ಹೊಡೆದರೂ ಹೆಲ್ಮೆಟ್ಟಿನೊಳಗೆ, ಎಂಜಿನ್ ಸದ್ದಿನಲ್ಲಿ, ಕೇಳಿಸಿದರೆ ಪುಣ್ಯ. ಬೋರ್ಡು ನೆಡುವಾಗ ಹಿಮದ ಎತ್ತರ ಲೆಕ್ಕಕ್ಕಿರಲಿ. ಅಕ್ಟೋಬರಿನಲ್ಲಿ ಎದೆಮಟ್ಟ ಇದ್ದ ಫಲಕ ಫೆಬ್ರವರಿಯಲ್ಲಿ ಮೊಣಕಾಲಿಗೆ ಬರುತ್ತದೆ.

ಹಳಿಗಳ ನಡುವೆ ಹಿಮ ತುಂಬಿ ಮಟ್ಟ ಮಾಡಿದರೆ ಸಾಲದೇ? ಹಲಗೆ ಯಾಕೆ?

ಇದೇ ಜಾಗದಲ್ಲಿ ರೈಲ್ವೆ ಎಂಜಿನಿಯರಿಗೆ ನಿಮ್ಮ ಮೇಲೆ ಸಿಟ್ಟು ಬರುವುದು, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ರೈಲು ಚಕ್ರದ ಒಳ ಅಂಚಿನಲ್ಲಿ ಒಂದು ತುಟಿ ಇದೆ. ಅದು ಹಳಿಯ ಒಳಬದಿಯಲ್ಲಿ, ಹಳಿಯ ಮೇಲ್ಮಟ್ಟಕ್ಕಿಂತ ಕೆಳಗೆ, ಸಾಗುತ್ತದೆ. ಆ ತುಟಿಗೆಂದು ಹಳಿಯ ಪಕ್ಕ ಎರಡೂವರೆ ಇಂಚಿನಷ್ಟು ಸಂದು ಸದಾ ಖಾಲಿ ಇರಬೇಕು. ಸ್ನೋಮೊಬೈಲುಗಳು ಹಾದು ಹಾದು ತುಳಿದ ಹಿಮ ಆ ಸಂದಿನಲ್ಲಿ ಮಂಜುಗಡ್ಡೆಯಾಗಿ ಕಟ್ಟುತ್ತದೆ. ಭಾರೀ ಎಂಜಿನ್ ಅದನ್ನು ಪುಡಿಮಾಡಿಕೊಂಡು ಹೋಗಬಹುದು, ಆದರೆ ಹಳಿಚಕ್ರ ಕಟ್ಟಿದ ತಪಾಸಣೆ ಟ್ರಕ್ಕಿನಂಥ ಹಗುರ ಗಾಡಿ ಮೇಲೆದ್ದು ಹಳಿ ತಪ್ಪುತ್ತದೆ. ಹಲಗೆ ಅಥವಾ ರಬ್ಬರ್ ಫಲಕ ಹಾಕಿದರೆ ಸಂದು ಎಲ್ಲಿದೆ ಎಂದು ಗೊತ್ತಿರುತ್ತದೆ, ಕೆರೆದು ತೆಗೆಯಬಹುದು.

ಆದರೆ ಹಲಗೆಗೆ ಅದರದೇ ಕಷ್ಟ ಇದೆ. ಹಿಮದ ಕಾಲದಲ್ಲಿ ರೈಲ್ವೆಯವರು ಫ್ಲ್ಯಾಂಜರ್ ಎಂಬ ಸಾಧನ ಓಡಿಸುತ್ತಾರೆ. ಅದರ ಅಲಗು ಹಳಿಗಳ ನಡುವೆ ಹಳಿಮಟ್ಟಕ್ಕಿಂತ ಕೆಳಗಿಳಿದು ಹಿಮ ಕೆರೆಯುತ್ತದೆ. ಕ್ರಾಸಿಂಗ್ ಬಂದಾಗ ಅಲಗು ಮೇಲೆತ್ತಬೇಕು, ಅದಕ್ಕಾಗಿಯೇ ಹಳಿ ಪಕ್ಕ ಸಣ್ಣ ಗುರುತಿನ ಫಲಕ ನೆಟ್ಟಿರುತ್ತಾರೆ. ಕ್ಲಬ್ಬಿನವರು ಯಾರಿಗೂ ಹೇಳದೆ ಶನಿವಾರ ರಾತ್ರಿ ಹಲಗೆ ಜೋಡಿಸಿಬಿಟ್ಟರೆ ಅಲ್ಲಿ ಫಲಕವೂ ಇಲ್ಲ, ರೈಲ್ವೆಯ ಪಟ್ಟಿಯಲ್ಲಿ ಕ್ರಾಸಿಂಗೂ ಇಲ್ಲ. ಅಲಗು ನೇರ ಹಲಗೆಗೆ ಹೊಡೆಯುತ್ತದೆ. ಪರ್ಮಿಟ್ ಎಂಬುದು ಬರೀ ಕಾಗದ ಎನ್ನುವವರಿಗೆ ನಾನು ಹೇಳುವ ಉದಾಹರಣೆ ಇದು.

ಮೂರನೆಯದು ವಿದ್ಯುತ್ತು. ಸಿಗ್ನಲ್ ಇರುವ ಮಾರ್ಗದಲ್ಲಿ ಹಳಿಗಳೊಳಗೆ ಸಣ್ಣ ಪ್ರಮಾಣದ ಕರೆಂಟು ಹರಿಯುತ್ತಿರುತ್ತದೆ. ರೈಲಿನ ಚಕ್ರ, ಅಚ್ಚು ಎರಡು ಹಳಿಗಳನ್ನು ಜೋಡಿಸಿದಾಗ ಅಲ್ಲಿ ರೈಲಿದೆ ಎಂದು ಸಿಗ್ನಲ್ ತಿಳಿಯುತ್ತದೆ. ಕಬ್ಬಿಣದ ತಗಡು, ಸರಪಳಿ, ಗ್ರೂಮರ್ ಡ್ರ್ಯಾಗಿನ ಉಕ್ಕಿನ ಪಟ್ಟಿ ಎರಡೂ ಹಳಿಗೆ ಒಟ್ಟಿಗೆ ತಾಗಿದರೂ ಅದೇ ಪರಿಣಾಮ. ಇಲ್ಲದ ರೈಲು ಇದೆ ಎಂದಾಗಿ ಮೈಲಿಗಳಾಚೆ ಸಿಗ್ನಲ್ ಕೆಂಪಾಗುತ್ತದೆ. ಹೀಗಾಗಿ ಹಳಿಗೆ ಅಡ್ಡಲಾಗಿ ಲೋಹ ಹಾಕುವ ಯೋಚನೆ ಬಿಡಿ, ಗ್ರೂಮರ್ ದಾಟುವಾಗ ಡ್ರ್ಯಾಗಿನ ಅಲಗನ್ನು ಎತ್ತಿ ದಾಟಿಸಿ.

ಪರ್ಮಿಟ್ ಸಿಕ್ಕಿತು. ಕೆಲಸ ನಮ್ಮ ಹುಡುಗರೇ ಮಾಡಬಹುದೇ?

ರೈಲ್ವೆ ಜಾಗದ ಹೊರಗಿನ ಕೆಲಸ ಧಾರಾಳವಾಗಿ. ಏರು ದಾರಿ, ಮೋರಿ, ಬೋರ್ಡಿನ ಕಂಬ, ಗಿಡ ಸವರುವುದು. ಹಳಿಯ ಹತ್ತಿರದ ಕೆಲಸ ಹಾಗಲ್ಲ. ಹಳಿಯಿಂದ 4 ಅಡಿಯೊಳಗೆ ಮನುಷ್ಯ ಅಥವಾ ಯಂತ್ರ ಇದ್ದರೆ ಒಕ್ಕೂಟ ನಿಯಮದ ಪ್ರಕಾರ ಹಳಿಗೆ ಅಡ್ಡ ಬಂದಂತೆ. ಕಂಪನಿಗಳು ಇನ್ನೂ ಕಟ್ಟುನಿಟ್ಟು, ಸಾಮಾನ್ಯವಾಗಿ 25 ಅಡಿಯೊಳಗಿನ ಕೆಲಸಕ್ಕೆ ತಮ್ಮ ಫ್ಲ್ಯಾಗ್‌ಮನ್, ಅಂದರೆ ರೈಲಿನ ಬಗ್ಗೆ ಎಚ್ಚರಿಸುವ ಕಾವಲುಗಾರ, ಸ್ಥಳದಲ್ಲಿ ಇರಲೇಬೇಕು ಎನ್ನುತ್ತವೆ. ಹಳಿ ನಡುವಿನ ಹಲಗೆ ಜೋಡಣೆಯನ್ನು ಅವರದೇ ತಂಡ ಮಾಡಿ ನಿಮಗೆ ಬಿಲ್ಲು ಕಳಿಸುವುದು ವಾಡಿಕೆ.

ಕಂಬಕ್ಕೆ ಗುಂಡಿ ತೋಡುವ ಮುನ್ನ, ನೆಲದಡಿಯ ತಂತಿ ಕೊಳವೆಗಳನ್ನು ಗುರುತಿಸಿಕೊಡಲು ಇರುವ 811ಕ್ಕೆ ಫೋನ್ ಮಾಡಿ. ಹಳಿಯ ಉದ್ದಕ್ಕೂ ನೆಲದಡಿ ಫೈಬರ್ ಕೇಬಲ್ ಹೂತಿರುವುದು ಅಮೆರಿಕದಲ್ಲಿ ತೀರಾ ಸಾಮಾನ್ಯ. ರೈಲ್ವೆಯ ಸ್ವಂತ ಸಿಗ್ನಲ್ ತಂತಿ 811 ಪಟ್ಟಿಯಲ್ಲಿ ಇಲ್ಲದಿರಬಹುದು, ಅದನ್ನು ರೈಲ್ವೆಯನ್ನೇ ಕೇಳಬೇಕು. ಏರು ದಾರಿಗೆ ಮಣ್ಣು ತುಂಬುವ ಜಾಗ ಜೌಗಾಗಿದ್ದರೆ ಅದಕ್ಕೆ ಬೇರೆಯೇ ಪರ್ಮಿಟ್.

ಖರ್ಚು ಯಾರದು? ವಿಮೆ ಎಂದರೆ ಯಾವ ವಿಮೆ?

ಕೇಳಿದವರದೇ ಖರ್ಚು. ಅರ್ಜಿ ಶುಲ್ಕ, ಎಂಜಿನಿಯರ್ ಪರಿಶೀಲನೆ, ಫ್ಲ್ಯಾಗ್‌ಮನ್ ದಿನಗೂಲಿ, ಸಾಮಗ್ರಿ, ಕೆಲವು ಕರಾರುಗಳಲ್ಲಿ ವರ್ಷದ ಬಾಡಿಗೆ. ಕಂಪನಿಗೆ ಕಟ್ಟಿದ ಅರ್ಜಿ ಶುಲ್ಕ ಅರ್ಜಿ ಬಿದ್ದುಹೋದರೂ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ವಿಸ್ಕಾನ್ಸಿನ್‌ನಲ್ಲಿ ರಾಜ್ಯದ ಟ್ರೇಲ್ ಅನುದಾನ ಕೌಂಟಿಯ ಮೂಲಕ ಕ್ಲಬ್ಬಿಗೆ ಬರುತ್ತದೆ. ಯಾವ ಖರ್ಚು ಅದರಡಿ ಬರುತ್ತದೆ ಎಂದು ಕೆಲಸ ಶುರುವಾಗುವ ಮುಂಚೆ ಕೌಂಟಿಯವರ ಹತ್ತಿರ ಬರೆಸಿಕೊಳ್ಳಿ, ಆಮೇಲಲ್ಲ.

ವಿಮೆ ಎರಡು ಬಗೆ, ಜನ ಕಲಸಿಬಿಡುತ್ತಾರೆ. ಒಂದು, ಕ್ಲಬ್ಬಿನ ಸಾಮಾನ್ಯ ಹೊಣೆಗಾರಿಕೆ ವಿಮೆ, ಅದರಲ್ಲಿ ರೈಲ್ವೆಯ ಹೆಸರನ್ನೂ ಸೇರಿಸಬೇಕು. ಅದು ಕ್ರಾಸಿಂಗ್ ಇರುವಷ್ಟು ಕಾಲ ಬೇಕು. ಇನ್ನೊಂದು, ಕಟ್ಟುವ ದಿನಗಳಿಗೆ ಮಾತ್ರ ರೈಲ್ವೆಯನ್ನು ಕಾಪಾಡಲು ತೆಗೆಯುವ ಪ್ರತ್ಯೇಕ ವಿಮೆ. ಕರಾರಿನಲ್ಲಿ ‘ಯಾರ ತಪ್ಪಿದ್ದರೂ ನಷ್ಟ ಕ್ಲಬ್ಬೇ ಭರಿಸಬೇಕು’ ಎಂಬರ್ಥದ ಸಾಲು ಅಡಗಿರುವುದುಂಟು. ಸಹಿ ಹಾಕುವ ಮುನ್ನ ವಕೀಲರಿಗೆ, ವಿಮೆಯವರಿಗೆ ತೋರಿಸಿ. ಕ್ಲಬ್ಬಿನ ಅಧ್ಯಕ್ಷರು ಪಾಪ ಒಳ್ಳೆಯ ಮನಸ್ಸಿನಿಂದ ತಮ್ಮ ಹೆಸರಲ್ಲೇ ಸಹಿ ಹಾಕಿಬಿಡುವುದನ್ನು ತಪ್ಪಿಸಿ, ಸಹಿ ಸಂಸ್ಥೆಯ ಹೆಸರಲ್ಲಿರಲಿ.

ಎಷ್ಟು ಸಮಯ ಹಿಡಿಯುತ್ತದೆ?

ಈ ಚಳಿಗಾಲಕ್ಕೆ ಬೇಕು ಎಂದು ಸೆಪ್ಟೆಂಬರಿನಲ್ಲಿ ಅರ್ಜಿ ಹಾಕಿದರೆ ಮುಂದಿನ ಚಳಿಗಾಲಕ್ಕೆ ಸಿಕ್ಕರೆ ಸಂತೋಷಪಡಿ. ಹಿಮ ಕರಗಿದ ಕೂಡಲೇ ಜಾಗ ನೋಡಿ, ವಸಂತದಲ್ಲೇ ಅರ್ಜಿ ಹಾಕಿ. ನೆಲ ಹೆಪ್ಪುಗಟ್ಟಿದ ಮೇಲೆ ಕಂಬ ನೆಡಲಾಗದು.

ನಮ್ಮ ಟ್ರೇಲ್ ನಲವತ್ತು ವರ್ಷದಿಂದ ಅಲ್ಲೇ ಹಳಿ ದಾಟುತ್ತಿದೆ. ಈಗ ಯಾಕೆ ಕಾಗದ?

ದಾಟಿದ್ದು ನಿಜ, ಆದರೆ ಯಾರೂ ತಡೆಯದಿದ್ದುದು ಅನುಮತಿ ಕೊಟ್ಟಂತೆ ಆಗುವುದಿಲ್ಲ. ಹಳಿ ನೋಡಿಕೊಳ್ಳುತ್ತಿದ್ದ ಹಿಂದಿನ ಕಾಲದ ಸೆಕ್ಷನ್ ಫೋರ್‌ಮನ್ ಊರಿನವನೇ, ಕ್ಲಬ್ಬಿನವರ ನೆಂಟನೋ ಗೆಳೆಯನೋ, ‘ಹೋಗಿ ಬನ್ನಿ’ ಅಂದಿರುತ್ತಾನೆ. ಅವನು ನಿವೃತ್ತನಾದ, ಕಂಪನಿಯೂ ಕೈಬದಲಾಯಿತು. ವಿಸ್ಕಾನ್ಸಿನ್‌ನಲ್ಲಿ ನೆಲೆನಿಂತ ಕ್ರಾಸಿಂಗುಗಳಿಗೆ 350.139 ಎಂಬ ಪ್ರತ್ಯೇಕ ಕಲಮೇ ಇರುವುದರಿಂದ ಮೊದಲು ಅದರಡಿ ನಿಮ್ಮದು ಬರುತ್ತದೆಯೇ ನೋಡಿ. ಹಳೇ ನಕ್ಷೆ, ಕೌಂಟಿಯ ಅನುದಾನದ ಕಡತ, ಮೀಟಿಂಗ್ ಪುಸ್ತಕ, ರೈಲ್ವೆಯ ಯಾವುದೇ ಪತ್ರ ಇದ್ದರೆ ಒಟ್ಟುಮಾಡಿ. ಹಳೇ ಸದಸ್ಯರ ಮನೆಯ ಅಟ್ಟದ ಮೇಲಿನ ರಟ್ಟಿನ ಡಬ್ಬಗಳಲ್ಲಿ ಇಂಥವು ಸಿಗುತ್ತವೆ.

ಹಳಿಯನ್ನು ದಾಟುವುದಿಲ್ಲ, ಪಕ್ಕದಲ್ಲೇ ಓಡಿಸಿಕೊಂಡು ಹೋಗುತ್ತೇವೆ. ಅದಕ್ಕೆ?

ಬೇಡ. ದಾಟುವ ಪರ್ಮಿಟ್ ದಾಟಲು ಮಾತ್ರ. ಹಳಿಯ ಪಕ್ಕ ನೇರ, ಮಟ್ಟಸ, ಮರವಿಲ್ಲದ ದಾರಿ ಕಂಡು ಆಸೆಯಾಗುತ್ತದೆ. ರೈಲು ಹಳಿಗಿಂತ ಎರಡೂ ಬದಿಗೆ ಮೂರು ಅಡಿಯಾದರೂ ಚಾಚಿಕೊಂಡಿರುತ್ತದೆ, ಅದರ ಮುಂದಿನ ಹಿಮ ತಳ್ಳುವ ಪ್ಲೋ ಎರಚುವ ಹಿಮ ಇನ್ನೂ ದೂರ ಬರುತ್ತದೆ.

ರೈಲ್ವೆ ಒಪ್ಪದಿದ್ದರೆ?

ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಕಾಣುವ ದೂರ ಸಾಲದು ಎಂದರೆ ಜಾಗ ಬದಲಿಸಿ. ಹೊಸದು ಹೆಚ್ಚಿಸುವುದಿಲ್ಲ ಎಂದರೆ, ನಿಮ್ಮ ಟ್ರೇಲಿನಲ್ಲೇ ಇರುವ ಇನ್ನೊಂದು ಹಳೇ ಕ್ರಾಸಿಂಗನ್ನು ಮುಚ್ಚಿಕೊಡುತ್ತೇವೆ ಎಂದು ಮುಂದಿಡಿ, ಎಷ್ಟೋ ಸಲ ಮಾತುಕತೆ ಅಲ್ಲಿಂದ ಮುಂದುವರಿಯುತ್ತದೆ. ಕೌಂಟಿಯ ಟ್ರೇಲ್ ಸಂಯೋಜಕರನ್ನು ಜೊತೆಗೆ ಕರೆದೊಯ್ಯಿರಿ. ಸ್ಥಳೀಯ ಶಾಸಕರ ಪತ್ರ ತರುವ ನಮ್ಮೂರ ಪದ್ಧತಿ ಇಲ್ಲೂ ಸ್ವಲ್ಪ ನಡೆಯುತ್ತದೆ, ಆದರೆ ಹಳಿಯ ತಿರುವನ್ನು ಯಾವ ಶಾಸಕರೂ ನೇರ ಮಾಡಲಾರರು.

ಕೆನಡಾದಲ್ಲಿ ಹೇಗೆ?

ಕೆಬೆಕ್‌ನ ವಾಲ್ಕೂರ್ ಊರಿನ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆ 1959ರಲ್ಲಿ ಸ್ಕೀ-ಡೂ ಎಂಬ ಸ್ನೋಮೊಬೈಲನ್ನು ಮಾರುಕಟ್ಟೆಗೆ ತಂದ ನಾಡು ಅದು, ಟ್ರೇಲಿಗೆ ಬರವಿಲ್ಲ. ಅಲ್ಲಿನ ರೈಲ್ವೆ ಸುರಕ್ಷತಾ ಕಾನೂನು ‘ರಸ್ತೆ’ ಎಂಬುದನ್ನು ವಿಶಾಲವಾಗಿ ಹಿಡಿಯುತ್ತದೆ: ವಾಹನಕ್ಕೋ ನಡಿಗೆಗೋ ಇರುವ ಯಾವ ದಾರಿಯಾದರೂ ಸರಿ, ಸಾರ್ವಜನಿಕವಾಗಿರಲಿ ಬಿಡಲಿ. ಒಕ್ಕೂಟದ ವ್ಯಾಪ್ತಿಯ ಹಳಿಗಳಿಗೆ 2014ರ ಗ್ರೇಡ್ ಕ್ರಾಸಿಂಗ್ ನಿಯಮಗಳಿವೆ. ರಸ್ತೆ ಕ್ರಾಸಿಂಗಿನ ವಿಷಯದಲ್ಲಿ ರೈಲ್ವೆಯ ಜೊತೆ ಒಪ್ಪಂದ ಕುದುರದಿದ್ದರೆ ಕೆನಡಿಯನ್ ಟ್ರಾನ್ಸ್‌ಪೋರ್ಟೇಷನ್ ಏಜೆನ್ಸಿಯ ಮುಂದೆ ಹೋಗುವ ಅವಕಾಶ ಕಾನೂನಿನಲ್ಲೇ ಇದೆ. ಕ್ಲಬ್ಬುಗಳು ಪ್ರಾಂತ್ಯದ ಸ್ನೋಮೊಬೈಲ್ ಕ್ಲಬ್ಬುಗಳ ಒಕ್ಕೂಟದ ಮೂಲಕ ಹೋಗುವುದೇ ಸಲೀಸು.

ನಾನು ಬರೀ ಬಾಡಿಗೆ ಗಾಡಿಯ ಸವಾರ. ನನಗೆ ಗೊತ್ತಿರಬೇಕಾದ್ದೇನು?

ಗುರುತು ಹಾಕಿದ ಕಡೆ ಮಾತ್ರ ದಾಟಿ. ಪೂರ್ತಿ ನಿಲ್ಲಿಸಿ, ಎರಡೂ ಕಡೆ ನೋಡಿ, ಅನುಮಾನವಿದ್ದರೆ ಎಂಜಿನ್ ಆರಿಸಿ ಹೆಲ್ಮೆಟ್ ತೆಗೆದು ಕೇಳಿಸಿಕೊಳ್ಳಿ. ಗುಂಪಿನಲ್ಲಿ ಹೋಗುವಾಗ ಮುಂದಿನವನು ದಾಟಿದ ಎಂದು ಹಿಂದೆಯೇ ನುಗ್ಗಬೇಡಿ, ಅವನು ನೋಡಿದ ಹಳಿ ಅರ್ಧ ನಿಮಿಷ ಹಿಂದಿನದು. ಮುಂದಿನ ಗಾಡಿಗಳು ಆಚೆ ಬದಿಯಲ್ಲಿ ಸಾಕಷ್ಟು ದೂರ ಹೋಗಿ ನಿಂತು ಹಿಂದಿನವರಿಗೆ ಜಾಗ ಬಿಡಬೇಕು.

ಗಾಡಿ ಹಳಿಯ ಮೇಲೆ ಸಿಕ್ಕಿಕೊಂಡರೆ ಅದನ್ನು ಎಳೆದಾಡುತ್ತ ನಿಲ್ಲಬೇಡಿ. ಎಲ್ಲರೂ ಹಳಿಯಿಂದ ದೂರ ಸರಿಯಿರಿ. ಆಮೇಲೆ ನೀಲಿ ಫಲಕದ ನಂಬರಿಗೆ ಫೋನ್ ಮಾಡಿ ಕ್ರಾಸಿಂಗ್ ಸಂಖ್ಯೆ ಹೇಳಿ. ಫಲಕ ಕಾಣದಿದ್ದರೆ ತುರ್ತು ನಂಬರು 911. ರೈಲು ಬರುವುದು ಕಾಣುತ್ತಿದ್ದರೆ ಹಳಿಯಿಂದ ಓರೆಯಾಗಿ ದೂರ ಹೋಗುತ್ತ, ರೈಲು ಬರುತ್ತಿರುವ ದಿಕ್ಕಿನ ಕಡೆಗೇ ಓಡಿ. ಡಿಕ್ಕಿಯಾದ ಗಾಡಿಯ ಚೂರುಗಳು ರೈಲು ಹೋಗುವ ದಿಕ್ಕಿಗೆ ಸಿಡಿಯುತ್ತವೆ.